ಗಣಿತ ಶಿಕ್ಷಕನೊಬ್ಬನ ಖೋ-ಖೋ ತರಬೇತಿ: ಆನ್‌ಲೈನ್ ಕೋರ್ಸ್‌ಗಳನ್ನು ನಾನು ಬಳಸಿಕೊಂಡ ಬಗೆ

ಮೂಡಿಗೆರೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಶಿಕ್ಷಕ. ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆ ಖಾಲಿ ಇರುವುದರಿಂದ ಬಾಲಕಿಯರ ಖೋ-ಖೋ ತಂಡದ ಹೊಣೆಯೂ ನನ್ನ ಮೇಲಿದೆ. ಕಾಲೇಜಿನ ದಿನಗಳಲ್ಲಿ ನಾನೂ ಖೋ-ಖೋ ಆಡಿದ್ದೆ. ಆದರೆ ಬೆಳೆಯುವ ವಯಸ್ಸಿನ ಮಕ್ಕಳನ್ನು ಆಡಿಸಲು ಬೇಕಾದ ತಿಳಿವಳಿಕೆಯೇ ಬೇರೆ. ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್ ಮಾಡಬೇಕೆಂಬ ಆಸೆ ಇತ್ತಾದರೂ ಶಾಲೆ, ಮನೆ ಎರಡನ್ನೂ ಬಿಟ್ಟು ಅಷ್ಟು ದಿನ ದೂರವಿರುವುದು ಆಗಲಿಲ್ಲ. ಶಿಕ್ಷಕರಿಗಾಗಿ ಇರುವ ನಿಷ್ಠಾ ತರಬೇತಿಯನ್ನು ದೀಕ್ಷಾ ಎಂಬ ಸರ್ಕಾರಿ ಆನ್‌ಲೈನ್ ವೇದಿಕೆಯಲ್ಲಿ ಮುಗಿಸಿದ ಅಭ್ಯಾಸವಿದ್ದುದರಿಂದ, ಕ್ರೀಡಾ ತರಬೇತಿಯನ್ನೂ ಆನ್‌ಲೈನಿನಲ್ಲೇ ಕಲಿಯಲು ಹೊರಟೆ.

ಆಟದ ತಂತ್ರಗಳನ್ನು ಕಲಿಸುವ ಕೋರ್ಸ್‌ಗಳಿಗಿಂತ ಮೊದಲು ಮಕ್ಕಳ ಸುರಕ್ಷತೆಗೆ ಸಂಬಂಧಿಸಿದವನ್ನು ಆರಿಸಿಕೊಂಡೆ. ಈ ಕ್ರಮವೇ ಸರಿಯೆಂದು ಇಂದಿಗೂ ನಂಬಿದ್ದೇನೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿ.ಡಿ.ಸಿ. ಶಾಲಾ ಮಕ್ಕಳ ತರಬೇತುದಾರರಿಗಾಗಿ ನಡೆಸುವ 'ಹೆಡ್ಸ್ ಅಪ್' ಎಂಬ ಉಚಿತ ಕೋರ್ಸ್ ತಲೆಗೆ ಪೆಟ್ಟಾದಾಗ ಏನು ಮಾಡಬೇಕು ಎಂಬುದಕ್ಕೇ ಮೀಸಲಾಗಿದೆ. ರಕ್ತ ಬರದಿದ್ದರೂ, ಪ್ರಜ್ಞೆ ತಪ್ಪದಿದ್ದರೂ ಮೆದುಳಿಗೆ ಆಘಾತವಾಗಿರಬಹುದು. ಲಕ್ಷಣಗಳು ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು. ಸಂಶಯವಿದ್ದರೆ ಆ ದಿನ ಮಗುವನ್ನು ಮತ್ತೆ ಆಡಿಸಲೇಬಾರದು ಎಂಬುದು ಅದರ ಮುಖ್ಯ ಪಾಠ. ತಾಲ್ಲೂಕು ಮಟ್ಟದ ಪಂದ್ಯವೊಂದರಲ್ಲಿ ಕಂಬದ ಬಳಿ ತಪ್ಪಿಸಿಕೊಂಡು ಓಡುತ್ತಿದ್ದ ನಮ್ಮ ರನ್ನರ್ ಮತ್ತು ಅವಳನ್ನು ಬೆನ್ನಟ್ಟಿದ್ದ ಎದುರು ತಂಡದ ಚೇಸರ್ ತಲೆಗಳು ಡಿಕ್ಕಿ ಹೊಡೆದವು. ಎದ್ದು ನಿಂತ ನಮ್ಮ ಹುಡುಗಿ "ಏನೂ ಆಗಿಲ್ಲ ಸರ್, ಆಡ್ತೀನಿ" ಎಂದಳು. ಸ್ಕೋರ್ ಎಷ್ಟೆಂದು ಕೇಳಿದಾಗ ತಡವರಿಸಿದಳು; ಅದನ್ನು ಅವಳೇ ಸ್ವಲ್ಪ ಹೊತ್ತಿನ ಮುಂಚೆ ಗೆಳತಿಯರಿಗೆ ಕೂಗಿ ಹೇಳಿದ್ದಳು. ಅವಳನ್ನು ಹೊರಗೆ ಕೂರಿಸಿ, ತಂದೆಗೆ ಫೋನ್ ಮಾಡಿ, ವೈದ್ಯರ ಬಳಿ ಕರೆದೊಯ್ಯಲು ವ್ಯವಸ್ಥೆ ಮಾಡಿದೆ. ಪಂದ್ಯ ಕೈತಪ್ಪಿತು. ಸುತ್ತ ನಿಂತವರು ಆಡಿಸಿ ಎಂದು ಒತ್ತಾಯಿಸುತ್ತಿದ್ದಾಗ ನಾನು ಗಟ್ಟಿಯಾಗಿ ನಿಲ್ಲಲು ಆ ಕೋರ್ಸ್‌ನಲ್ಲಿ ಕಲಿತದ್ದೇ ಆಧಾರವಾಯಿತು.

ಎರಡನೆಯದಾಗಿ ಗಮನ ಕೊಟ್ಟದ್ದು ಮೊಣಕಾಲಿಗೆ. ಖೋ-ಖೋದಲ್ಲಿ ಚೇಸರ್ ಹಿಡಿದ ದಿಕ್ಕನ್ನು ನಡುವೆ ಬದಲಿಸುವಂತಿಲ್ಲ, ಮಧ್ಯದ ಪಟ್ಟಿಯನ್ನು ದಾಟುವಂತಿಲ್ಲ. ರನ್ನರ್‌ಗೆ ಆ ನಿರ್ಬಂಧವಿಲ್ಲ. ಆದ್ದರಿಂದ ಕುಳಿತವರ ನಡುವೆ ಥಟ್ಟನೆ ತಿರುಗುವುದೇ ರನ್ನರ್‌ಳ ಬಲ, ಅವಳ ಮೊಣಕಾಲಿಗೆ ಬೀಳುವ ಹೊರೆಯೂ ಅದರಿಂದಲೇ. ಫುಟ್‌ಬಾಲ್ ಆಟಗಾರರಿಗಾಗಿ ರೂಪಿಸಿದ 'ಫಿಫಾ 11+' ಎಂಬ ಇಪ್ಪತ್ತು ನಿಮಿಷದ ವಾರ್ಮ್‌ಅಪ್‌ನಲ್ಲಿ 15 ವ್ಯಾಯಾಮಗಳಿವೆ. ಅವುಗಳಲ್ಲಿ ಒಂಟಿ ಕಾಲಿನ ಸಮತೋಲನ, ಜಿಗಿದು ನೆಲಕ್ಕಿಳಿಯುವುದು ಮತ್ತು ದಿಕ್ಕು ಬದಲಿಸುವ ಓಟಗಳನ್ನು ಆಯ್ದು ನಮ್ಮ ಅಭ್ಯಾಸದ ಆರಂಭಕ್ಕೆ ಸೇರಿಸಿಕೊಂಡೆ. ಮಕ್ಕಳು ಜಿಗಿದು ಇಳಿಯುವುದನ್ನು ಎದುರಿನಿಂದ ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ಮಾಡಿದಾಗ, ಹಲವರ ಮೊಣಕಾಲು ಪಾದದ ನೇರಕ್ಕೆ ನಿಲ್ಲದೆ ಒಳಕ್ಕೆ ವಾಲುತ್ತಿದ್ದುದು ಸ್ಪಷ್ಟವಾಗಿ ಕಂಡಿತು. ಬರಿಗಣ್ಣಿಗೆ ಅದು ಸಿಗುತ್ತಿರಲಿಲ್ಲ. ಮಂಡಿ ಬಗ್ಗಿಸಿ, ಸದ್ದಾಗದಂತೆ ಇಳಿಯಿರಿ ಎಂಬ ಒಂದೇ ಸೂಚನೆಯನ್ನು ವಾರಗಟ್ಟಲೆ ಹೇಳಿದೆ. ವಿಡಿಯೊಗಳಿಗೆ ಪೋಷಕರ ಒಪ್ಪಿಗೆ ಪಡೆದಿರುತ್ತೇನೆ. ಮಕ್ಕಳಿಗೆ ತೋರಿಸಿದ ಕೂಡಲೇ ಅಳಿಸಿಹಾಕುತ್ತೇನೆ.

ನಮ್ಮ ಮಲೆನಾಡಿನಲ್ಲಿ ಹೋಬಳಿ, ತಾಲ್ಲೂಕು ಕ್ರೀಡಾಕೂಟಗಳ ಕಾಲವೂ ಮಳೆಗಾಲವೂ ಒಂದೇ. ಮೈದಾನ ಕೆಸರಾಗಿರುವಾಗ ತಿರುಗುವ ಅಭ್ಯಾಸ ಮಾಡಿಸಿದರೆ ಕಾಲು ಉಳುಕುವುದು ಖಚಿತ. ಆ ದಿನಗಳಲ್ಲಿ ಈ ವಾರ್ಮ್‌ಅಪ್‌ನ ಸಮತೋಲನದ ವ್ಯಾಯಾಮಗಳನ್ನೂ, ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ 'ಕಿಡ್ಸ್ ಅಥ್ಲೆಟಿಕ್ಸ್' ಕಾರ್ಯಕ್ರಮದಿಂದ ಕಲಿತ ಹಗ್ಗದಾಟ, ಕುಪ್ಪಳಿಸುವ ಆಟಗಳನ್ನೂ ಶಾಲೆಯ ಜಗುಲಿಯಲ್ಲಿ ಮಾಡಿಸುತ್ತೇನೆ. ದುಬಾರಿ ಸಲಕರಣೆ ಬೇಡದ, ಗುಂಪಾಗಿ ಆಡುವ ಚಟುವಟಿಕೆಗಳಾದ್ದರಿಂದ ಅವು ಸರ್ಕಾರಿ ಶಾಲೆಗೆ ಚೆನ್ನಾಗಿ ಒಗ್ಗುತ್ತವೆ.

ಬೆಳವಣಿಗೆಯ ಕುರಿತ ಪಾಠವೊಂದು ಅನಿರೀಕ್ಷಿತವಾಗಿ ನೆರವಿಗೆ ಬಂತು. ಎಂಟನೇ ತರಗತಿಯ ಹುಡುಗಿಯೊಬ್ಬಳು ಮಂಡಿಚಿಪ್ಪಿನ ಕೆಳಗೆ, ಮೊಣಕಾಲ ಮೂಳೆ ಸ್ವಲ್ಪ ಉಬ್ಬಿದ ಜಾಗವನ್ನು ಬೆರಳಿಟ್ಟು ತೋರಿಸಿ, ಡೈವ್ ಮಾಡಿದಾಗಲೆಲ್ಲ ಅಲ್ಲೇ ನೋಯುತ್ತದೆ ಎಂದಳು. ಬೆಳೆಯುವ ಮಕ್ಕಳಿಗೆ ಮಂಡಿಚಿಪ್ಪಿನ ಕೆಳಗೆ ನೋವು ತರುವ ಆಸ್‌ಗುಡ್-ಶ್ಲಾಟರ್ ಎಂಬ ತೊಂದರೆಯ ವಿವರಣೆಯನ್ನು ಓದಿದ್ದ ನನಗೆ ಅದು ಸೋಮಾರಿತನದ ನೆಪವಲ್ಲವೆಂದು ತಿಳಿಯಿತು. ವೈದ್ಯರಿಗೆ ತೋರಿಸಲು ಮನೆಯವರಿಗೆ ಹೇಳಿದೆ. ವೈದ್ಯರು ಬೆಳವಣಿಗೆಯ ವಯಸ್ಸಿನ ನೋವೆಂದೇ ಹೇಳಿ, ಜಿಗಿತ ಮತ್ತು ಡೈವ್ ಕಡಿಮೆ ಮಾಡಲು ಸೂಚಿಸಿದರು. ನೋವು ಇಳಿಯುವವರೆಗೆ ಅವಳಿಗೆ ಕುಳಿತವರಿಗೆ ಖೋ ಕೊಡುವ ವೇಗದ ಅಭ್ಯಾಸವನ್ನಷ್ಟೇ ಕೊಟ್ಟೆ.

ಮಕ್ಕಳ ರಕ್ಷಣೆಯ ಪಾಠಗಳನ್ನು ಯಾವ ತರಬೇತುದಾರನೂ ಬಿಡಬಾರದು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಮಾಹಿತಿ ತಿಳಿದವರು ಅದನ್ನು ಪೊಲೀಸರ ಗಮನಕ್ಕೆ ತರಲೇಬೇಕು, ಮುಚ್ಚಿಡುವುದು ಶಿಕ್ಷಾರ್ಹ. ಹೊರಗಿನ ಪಂದ್ಯಗಳಿಗೆ ಮಹಿಳಾ ಶಿಕ್ಷಕಿ ಜೊತೆಗಿಲ್ಲದೆ ನಾನು ತಂಡವನ್ನು ಹೊರಡಿಸುವುದಿಲ್ಲ.

ಆದರೆ ಖೋ-ಖೋ ಆಟವನ್ನೇ ಈ ಯಾವ ಕೋರ್ಸೂ ಕಲಿಸಲಿಲ್ಲ. ಒಟ್ಟಿಗೆ ಮೈದಾನಕ್ಕಿಳಿಯುವ ಮೂವರು ರನ್ನರ್‌ಗಳ ಬ್ಯಾಚ್‌ನಲ್ಲಿ ಯಾರು ಮೊದಲು ಓಡಬೇಕು, ಕಂಬದ ಬಳಿ ಚೇಸರ್‌ಳನ್ನು ಎಷ್ಟು ಹತ್ತಿರಕ್ಕೆ ಬಿಟ್ಟುಕೊಂಡು ತಿರುಗಬೇಕು ಎಂಬುದನ್ನು ನಮ್ಮ ತಾಲ್ಲೂಕಿನ ಹಿರಿಯ ಆಟಗಾರರೊಬ್ಬರನ್ನು ಮೈದಾನಕ್ಕೆ ಕರೆಸಿ ಕಲಿತೆ. ಭಾರತದ ಪುರುಷರ, ಮಹಿಳೆಯರ ಎರಡೂ ತಂಡಗಳು ಗೆದ್ದ, 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್‌ನ ವಿಡಿಯೊಗಳನ್ನು ಮಕ್ಕಳೊಂದಿಗೆ ನಿಲ್ಲಿಸಿ ನಿಲ್ಲಿಸಿ ನೋಡಿದೆ.

ಇದನ್ನು ಆರಂಭಿಸುವ ಶಿಕ್ಷಕರಿಗೆ ನನ್ನ ಸಲಹೆ ಇಷ್ಟು: ಬೇಸಿಗೆ ರಜೆಯಲ್ಲಿ ಕೋರ್ಸ್ ಮುಗಿಸಿ ಪ್ರಮಾಣಪತ್ರಗಳನ್ನು ಕೂಡಿಹಾಕುವ ಬದಲು, ಶಾಲೆ ನಡೆಯುವಾಗಲೇ ವಾರಕ್ಕೊಂದು ಪಾಠ ನೋಡಿ, ಅದರ ಒಂದು ಅಂಶವನ್ನು ಅದೇ ವಾರದ ಅಭ್ಯಾಸದಲ್ಲಿ ಮಾಡಿಸಿ. ಮಕ್ಕಳಿಗೆ ಅದು ಕೂಡಿಬರುವವರೆಗೆ ಮುಂದಿನ ಪಾಠವನ್ನು ತೆರೆಯಬೇಡಿ. ಸಂಜೆ ನೆಟ್‌ವರ್ಕ್ ಕೈಕೊಡುವ ಊರುಗಳಲ್ಲಿರುವವರು ಡೌನ್‌ಲೋಡ್ ಸೌಲಭ್ಯವಿರುವ ಕೋರ್ಸ್‌ಗಳನ್ನೇ ಆರಿಸಿಕೊಳ್ಳುವುದು ಒಳ್ಳೆಯದು.