ಟರ್ಕಿ ಕೋಳಿ ಕಟ್ಲೆಟ್: ತೆಳ್ಳಗೆ ಕೊಯ್ಯಿರಿ, ಬೇಗ ಇಳಿಸಿ

ಕಾಸರಗೋಡಿನಲ್ಲಿ ಕಟ್ಲೆಟ್ ಎಂದರೆ ಬೇಕರಿಯ ಗಾಜಿನ ಕಪಾಟಿನಲ್ಲಿ ಪಪ್ಸ್ ಪಕ್ಕ ಕೂತಿರುವ ಆಲೂಗಡ್ಡೆ ವಡೆಯೇ ನೆನಪಾಗುವುದು. ಇಲ್ಲಿ ಹೇಳುತ್ತಿರುವುದು ಅದಲ್ಲ. ಇದು ಅರೆಯದೆ, ಕೊಚ್ಚದೆ, ಮಾಂಸವನ್ನೇ ತೆಳ್ಳಗೆ ಕೊಯ್ದು ಕಾವಲಿಯಲ್ಲಿ ಕಾಯಿಸುವ ಕಟ್ಲೆಟ್. ಮಾಂಸ ಕೊಯ್ದು ಇಟ್ಟಿದ್ದರೆ ರಾತ್ರಿ ಊಟಕ್ಕೆ ಒಲೆ ಮುಂದೆ ಹದಿನೈದು ನಿಮಿಷ ನಿಂತರೆ ಸಾಕು.

ಟರ್ಕಿ ಕೋಳಿ ನಮ್ಮ ಕಡೆ ದಿನಾ ಸಿಗುವ ಮಾಲಲ್ಲ. ಊರಕೋಳಿಗಳ ಜೊತೆ ಎರಡು ಮೂರು ಟರ್ಕಿ ಸಾಕುವ ಮನೆಗಳಿವೆ. ಕ್ರಿಸ್‌ಮಸ್ ಹೊತ್ತಿಗೆ ಕೋಳಿ ಅಂಗಡಿಯಲ್ಲಿ ಮೊದಲೇ ಹೇಳಿಟ್ಟರೆ ತರಿಸಿಯೂ ಕೊಡುತ್ತಾರೆ. ಅಂದ ಹಾಗೆ, ಈ ಹಕ್ಕಿಯ ಮೂಲ ಅಮೆರಿಕ ಖಂಡ. ಆದರೆ ಡಚ್ಚರು ಇದನ್ನು ಕರೆಯುವುದು 'ಕಾಲ್ಕೂನ್' ಎಂದು. ಅಂದರೆ ಕಲ್ಲಿಕೋಟೆಯ ಕೋಳಿ! ಟರ್ಕಿ ದೇಶದವರ ಬಾಯಲ್ಲಿ ಇದು 'ಹಿಂದಿ', ಅಂದರೆ ಇಂಡಿಯಾದ್ದು. ನಮ್ಮ ರೈಲು ದಾರಿಯಲ್ಲೇ ಇರುವ ಊರಿನ ಹೆಸರು ಹೊತ್ತ ಹಕ್ಕಿ ನಮಗೇ ಅಪರೂಪ, ನೋಡಿ.

ಮೊದಲ ಸಲ ತಂದಾಗ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಎದೆಯ ತುಂಡುಗಳನ್ನೂ ಗಸಿಗೆ ಹಾಕಿ ಕುಕ್ಕರಿನಲ್ಲಿ ಐದು ವಿಷಲ್ ಕೂಗಿಸಿದೆ. ಅಣ್ಣ ಒಂದು ತುಂಡು ಬಾಯಿಗಿಟ್ಟು ತುಂಬ ಹೊತ್ತು ಅಗಿದ. ಕೊನೆಗೆ, "ಇದು ಕೋಳಿಯಾ, ಕತ್ತದ ಹಗ್ಗವಾ ಮಾರಾಯ್ತಿ?" ಎಂದ. ಟರ್ಕಿಯ ಎದೆಯಲ್ಲಿ ಕೊಬ್ಬು ತೀರಾ ಕಡಿಮೆ. ಜಾಸ್ತಿ ಬೆಂದರೆ ನೀರೆಲ್ಲ ಹೋಗಿ ನಾರು ಮಾತ್ರ ಉಳಿಯುತ್ತದೆ. ಕಾಲು, ರೆಕ್ಕೆ, ಕುತ್ತಿಗೆ ಗಸಿಗಿರಲಿ. ಎದೆ ಕಟ್ಲೆಟ್‌ಗೆ.

ನಾಲ್ಕು ಜನಕ್ಕೆ ಚರ್ಮ, ಎಲುಬು ತೆಗೆದ ಎದೆಮಾಂಸ ಅರ್ಧ ಕಿಲೋ ಬೇಕು. ಫ್ರೀಜರಿನಲ್ಲಿಟ್ಟ ಮಾಂಸವಾದರೆ ಹಿಂದಿನ ದಿನವೇ ಫ್ರಿಜ್ಜಿನ ಕೆಳಗಿನ ತಟ್ಟಿಗೆ ಇಳಿಸಿ. ಅಡುಗೆಕಟ್ಟೆ ಮೇಲೆ ಬಿಟ್ಟು ಕರಗಿಸಬೇಡಿ, ನಮ್ಮ ಸೆಕೆಗೆ ಹೊರಗಿನ ಪದರ ಬೇಗ ಕೆಡುತ್ತದೆ. ನಲ್ಲಿ ಕೆಳಗೆ ಹಿಡಿದು ತೊಳೆಯುವುದೂ ಬೇಡ. ಹಸಿ ಮಾಂಸದ ನೀರು ಸಿಂಕಿನಿಂದ ಪಕ್ಕದ ಸೌತೆಕಾಯಿಗೂ ಹಾರುತ್ತದೆ. ಶುದ್ಧ ಬಟ್ಟೆಯಲ್ಲೋ ಪೇಪರಿನಲ್ಲೋ ಒತ್ತಿ ಒರೆಸಿ.

ಇನ್ನು ಕೊಯ್ಯುವುದು. ಇದರಲ್ಲೇ ಇರುವುದು ಎಲ್ಲ. ಮಾಂಸವನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ಸ್ವಲ್ಪ ಬಿಗಿ ಮಾಡಿಕೊಳ್ಳಿ. ಮೊಂಡು ಚೂರಿ ಹಿಡಿದು ಗರಗಸದ ಹಾಗೆ ಎಳೆದಾಡಬೇಡಿ, ಹರಿತ ಮಾಡಿಸಿಕೊಂಡೇ ಕೂರಿ. ತುಂಡನ್ನು ಬೆಳಕಿಗೆ ಹಿಡಿದರೆ ನಾರುಗಳು ಒಂದೇ ದಿಕ್ಕಿಗೆ ಗೆರೆ ಎಳೆದಂತೆ ಕಾಣುತ್ತವೆ. ಆ ಗೆರೆಗಳಿಗೆ ಅಡ್ಡವಾಗಿ, ಒಂದು ಸೆಂಟಿಮೀಟರ್ ದಪ್ಪಕ್ಕೆ ಕೊಯ್ಯಿರಿ. ಉದ್ದಕ್ಕೆ ಕೊಯ್ದರೆ ಉದ್ದುದ್ದ ನಾರೇ ಬಾಯಿಗೆ ಬರುತ್ತದೆ. ಅಡ್ಡ ಕೊಯ್ದರೆ ನಾರು ತುಂಡಾಗಿ, ಹಲ್ಲಿಗೆ ಕೆಲಸವೇ ಇಲ್ಲ.

ಆಮೇಲೆ ತಟ್ಟುವುದು. ತೊಳೆದು ಒರೆಸಿದ ಹಾಲಿನ ಪ್ಯಾಕೆಟನ್ನು ಬಿಡಿಸಿ, ಅದರ ನಡುವೆ ಒಂದೊಂದೇ ತುಂಡು ಇಟ್ಟು ಲಟ್ಟಣಿಗೆಯಿಂದ ತಟ್ಟಿ. ನಡುವಿನಿಂದ ಅಂಚಿಗೆ ಹೋಗಬೇಕು. ಸಿಟ್ಟು ತೀರಿಸಿಕೊಳ್ಳುವ ಹಾಗೆ ಹೊಡೆದರೆ ಹರಿದು ಚಿಂದಿಯಾಗುತ್ತದೆ. ಅರ್ಧ ಸೆಂಟಿಮೀಟರಿಗೆ ಬಂದರೆ ನಿಲ್ಲಿಸಿ. ಎಲ್ಲ ಕಡೆ ಒಂದೇ ದಪ್ಪ ಇದ್ದರೆ ಅಂಚು ಒಣಗಿ ನಡು ಹಸಿ ಉಳಿಯುವ ತಾಪತ್ರಯವಿಲ್ಲ.

ಒಂದು ಲೀಟರ್ ನೀರಿಗೆ ಮೂರು ದೊಡ್ಡ ಚಮಚ ಪುಡಿ ಉಪ್ಪು ಕದಡಿ, ತುಂಡುಗಳನ್ನು ಅದರಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಡಿ. ಉಪ್ಪು ಒಳಗಿಳಿದರೆ ಬಿಸಿ ತಾಗಿದಾಗಲೂ ಮಾಂಸ ತನ್ನ ನೀರನ್ನು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ತೆಗೆದು ಚೆನ್ನಾಗಿ ಒರೆಸಿ. ಮಸಾಲೆಗೆ ಮತ್ತೆ ಉಪ್ಪು ಬೇಡವೇ ಬೇಡ.

ಮಸಾಲೆ ಸರಳ. ಒಂದು ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಒಂದು ಚಮಚ ಕುಟ್ಟಿದ ಒಳ್ಳೆಮೆಣಸು (ಕಾಳುಮೆಣಸು), ಚಿಟಿಕೆ ಅರಿಶಿನ, ಅರ್ಧ ನಿಂಬೆಯ ರಸ. ಹಚ್ಚಿ ಹತ್ತು ನಿಮಿಷ ಬಿಟ್ಟರೆ ಸಾಕು. ಹೊರಗೆ ಗರಿಗರಿ ಬೇಕಿದ್ದರೆ ಮೊದಲು ಮೈದಾ, ಆಮೇಲೆ ಕದಡಿದ ಮೊಟ್ಟೆ, ಕೊನೆಗೆ ರಸ್ಕ್ ಪುಡಿ. ಒಂದು ಕೈ ಹಿಟ್ಟಿಗೆ, ಇನ್ನೊಂದು ಮೊಟ್ಟೆಗೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಕಟ್ಲೆಟ್‌ಗಿಂತ ಬೆರಳಿಗೇ ಪುಡಿ ಜಾಸ್ತಿ ಮೆತ್ತಿಕೊಳ್ಳುತ್ತದೆ. ನನಗೆ ಇಷ್ಟ ಬರೀ ಅಕ್ಕಿಹಿಟ್ಟು ಉದುರಿಸಿದ್ದು. ಮಾಂಸದ ರುಚಿ ಮುಚ್ಚಿಹೋಗುವುದಿಲ್ಲ, ಎಣ್ಣೆಯೂ ಕಡಿಮೆ ಸಾಕು.

ಕಬ್ಬಿಣದ ಕಾವಲಿಗೆ ಮೂರು ದೊಡ್ಡ ಚಮಚ ತೆಂಗಿನೆಣ್ಣೆ ಹಾಕಿ. ಹೊಗೆ ಬರುವಷ್ಟು ಕಾಯಿಸಬೇಡಿ. ಕರಿಬೇವಿನ ಎಲೆ ಹಾಕಿದರೆ ಚಟ್ ಎನ್ನಬೇಕು, ಅಷ್ಟೇ. ಒಂದು ಸಲಕ್ಕೆ ಎರಡು ಮೂರು ತುಂಡು ಸಾಕು. ತುಂಬಿಸಿದರೆ ಕಾವಲಿ ತಣಿದು, ಹುರಿಯುವ ಬದಲು ಬೇಯುತ್ತದೆ. ಒಂದು ಬದಿ ಎರಡೂವರೆ ನಿಮಿಷ, ಮಗುಚಿ ಎರಡು ನಿಮಿಷ. ನಡುವೆ ಸುಮ್ನೆ ಕೆದಕುತ್ತಾ ಇರಬೇಡಿ. ಅಡುಗೆಯ ಥರ್ಮಾಮೀಟರ್ ಇದ್ದರೆ ಒಳಗೆ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಇಲ್ಲದಿದ್ದರೆ ಎಲ್ಲಕ್ಕಿಂತ ದಪ್ಪದ ತುಂಡನ್ನು ನಡುವೆ ಕೊಯ್ದು ನೋಡಿ. ಗುಲಾಬಿ ಬಣ್ಣ ಉಳಿದಿರಬಾರದು, ರಸ ತಿಳಿಯಾಗಿರಬೇಕು. ಅಷ್ಟಾದ ಮೇಲೆ ಒಂದು ನಿಮಿಷವೂ ಹೆಚ್ಚು ಬೇಡ. ಇಳಿಸಿದ್ದನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿ ಮುಚ್ಚಿದರೆ ಹಬೆಗೆ ಮೆತ್ತಗಾಗುತ್ತದೆ. ಜಾಲರಿ ಮೇಲೆ ಹರಡಿ.

ಅಕ್ಕಿಹಿಟ್ಟಿನ ಕಟ್ಲೆಟ್ ಮಾಡಿದ್ದರೆ ಕಾವಲಿ ತೊಳೆಯಲು ಓಡಬೇಡಿ. ಅಂಟಿಕೊಂಡಿರುವ ಕಂದು ಪುಡಿಗೆ ಒಂದು ಸಣ್ಣ ಈರುಳ್ಳಿ, ಎರಡು ಗಾಂಧಾರಿ ಮೆಣಸು ಹೆಚ್ಚಿ ಹಾಕಿ ಬಾಡಿಸಿ. ಅರ್ಧ ಲೋಟ ತೆಂಗಿನ ಹಾಲು ಸುರಿದು, ಸಣ್ಣ ಉರಿಯಲ್ಲಿ ಕೆರೆದು ತೆಗೆಯಿರಿ. ಎರಡು ನಿಮಿಷದಲ್ಲಿ ದಪ್ಪಗಾಗುತ್ತದೆ. ನೀರುದೋಸೆಗೂ ಆಗುತ್ತದೆ, ಪತ್ತಿರಿ ಎಂಬ ತೆಳ್ಳನೆಯ ಅಕ್ಕಿರೊಟ್ಟಿಗೂ ಆಗುತ್ತದೆ. ಕುಚ್ಚಿಲಕ್ಕಿ ಗಂಜಿಗಾದರೆ ಈ ಸಾಸ್ ಬೇಡ, ಕಟ್ಲೆಟ್ ಜೊತೆ ಮಾವಿನ ಮಿಡಿ ಸಾಕು.

ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮರುದಿನ ಒಣ ಕಾವಲಿಯಲ್ಲಿ ಪೂರ್ತಿ ಬಿಸಿಯಾಗುವ ತನಕ ಕಾಯಿಸಿದರೆ ಆಯಿತು. ಇಲ್ಲವೇ ಸಣ್ಣಗೆ ಕೊಚ್ಚಿ, ಬೇಯಿಸಿದ ಆಲೂಗಡ್ಡೆ ಜೊತೆ ಕಲಸಿ ಬೇಕರಿ ಕಟ್ಲೆಟ್ ಮಾಡಿಬಿಡಿ. ನಮ್ಮ ಮನೆ ಮಕ್ಕಳು ಕೇಳುವುದು ಅದನ್ನೇ.