ಕಂಪನಿ ವಿಡಿಯೋದಲ್ಲಿ ಭಾವನೆ: ನಾನು ಕೇಳುವುದು ಕೆಲಸದ ಬಗ್ಗೆ

ಚಿಕ್ಕಮಗಳೂರಿನಲ್ಲಿ ಕಂಪನಿ ವಿಡಿಯೋ ಮಾಡುವವರಿಗೆ ಕೆಲಸ ಸಿಗುವುದು ಜಾಸ್ತಿ ಕಾಫಿಯಿಂದಲೇ. ಎಸ್ಟೇಟ್, ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ), ಹೋಂಸ್ಟೇ, ಕಾಫಿ ಪುಡಿ ಬ್ರ್ಯಾಂಡ್. ಬಹುತೇಕ ಎಲ್ಲರೂ ಫೋನಿನಲ್ಲಿ ಹೇಳುವುದು ಒಂದೇ: "ಸ್ವಲ್ಪ ಎಮೋಷನಲ್ ಆಗಿರಲಿ ಸಾರ್, ನೋಡಿದವರ ಮನಸ್ಸಿಗೆ ತಟ್ಟಬೇಕು." ಆಮೇಲೆ ಕಳಿಸುವ ಪಟ್ಟಿಯಲ್ಲಿ ಡ್ರೋನ್ ಶಾಟ್, ಮುಳ್ಳಯ್ಯನಗಿರಿ ಮಂಜು, ಎಂಡಿ ಮಾತು, ಹಿನ್ನೆಲೆಗೆ ಪಿಯಾನೋ. ಇವು ಇರಲಿ, ಬೇಡ ಅನ್ನಲ್ಲ. ರಾಜ್ಯದ ಅತಿ ಎತ್ತರದ ಬೆಟ್ಟ ನಮ್ಮೂರಲ್ಲಿದೆ, ತೋರಿಸಲೇಬೇಕು. ಆದರೆ ಬೆಟ್ಟ ನೋಡಿದವರು ಚೆನ್ನಾಗಿದೆ ಅನ್ನುತ್ತಾರೆ, ಅಷ್ಟೇ. ಮನಸ್ಸಿಗೆ ತಟ್ಟುವುದು ಒಬ್ಬ ಮನುಷ್ಯ ತನ್ನ ಕೆಲಸದ ಬಗ್ಗೆ ಮಾತಾಡುವಾಗ.

ಹಾಗಾಗಿ ಇಂಟರ್‌ವ್ಯೂನಲ್ಲಿ "ನಿಮಗೆ ಹೇಗನ್ನಿಸುತ್ತೆ" ಅಂತ ನಾನು ಕೇಳುವುದೇ ಇಲ್ಲ. ಕೇಳಿದರೆ "ತುಂಬಾ ಖುಷಿ ಆಗುತ್ತೆ ಸಾರ್, ಕಂಪನಿ ನಮ್ಮ ಮನೆ ಇದ್ದಂಗೆ" ಅನ್ನುವ ಉತ್ತರ ಬರುತ್ತದೆ. ಪಕ್ಕದಲ್ಲಿ ಮ್ಯಾನೇಜರ್ ನಿಂತಿದ್ದರಂತೂ ಅದೇ ಗ್ಯಾರಂಟಿ. ಅದಕ್ಕೇ ಮ್ಯಾನೇಜರ್‌ಗೆ ಸ್ವಲ್ಪ ಹೊತ್ತು ಆಚೆ ಇರಿ ಅಂತ ಕೇಳಿಕೊಳ್ಳುತ್ತೇನೆ. ಆಮೇಲೆ ಕೈಯಲ್ಲಿರುವ ಕೆಲಸದ ಬಗ್ಗೆ ಕೇಳುತ್ತೇನೆ, ಅದೂ ಸಣ್ಣ ಸಣ್ಣದನ್ನು.

ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವ ಹೆಂಗಸರ ಜೊತೆ ಶೂಟ್ ಇತ್ತು. ಈಗ ಬಣ್ಣ ನೋಡಿ ಬೇರೆ ಮಾಡುವ ಮೆಷಿನ್ ಬಂದಿದೆ, ಆದರೂ ಕೆಲವು ಲಾಟ್‌ಗಳನ್ನು ಕೈಯಲ್ಲೇ ಆರಿಸುತ್ತಾರೆ. ಮೇಜಿನ ಮೇಲೆ ಬೀಜ ಹರಡಿರುತ್ತದೆ. ಒಬ್ಬ ಅಕ್ಕನ ಬೆರಳು ಎಷ್ಟು ಬೇಗ ಓಡುತ್ತಿತ್ತು ಅಂದರೆ ಕ್ಯಾಮೆರಾ ಫೋಕಸ್ ಹಿಡಿಯುವಷ್ಟರಲ್ಲಿ ಕಪ್ಪು ಬೀಜ, ಒಡೆದ ಬೀಜ, ಹುಳ ಕೊರೆದ ಬೀಜ ಎಲ್ಲ ಪಕ್ಕಕ್ಕೆ ಸರಿದಿರುತ್ತಿದ್ದವು. ಒಂದು ಬೀಜ ತೋರಿಸಿ "ಅಕ್ಕಾ, ಇದು ಚೆನ್ನಾಗೇ ಇದೆಯಲ್ಲ, ಯಾಕೆ ತೆಗೆದ್ರಿ?" ಅಂದೆ. ಅವರು ಅದನ್ನು ಮಗುಚಿ ಹಿಂಭಾಗದ ತೂತು ತೋರಿಸಿದರು. ಸೂಜಿ ಮೊನೆಯಷ್ಟಿತ್ತು. ಆಮೇಲೆ ಕೈ ನಿಲ್ಲಿಸದೆ ಹೇಳಿದರು: "ಎಲ್ಲೋ ಹೊರದೇಶದಲ್ಲಿ ಚೀಲ ಬಿಚ್ಚಿದವರು, ಇದನ್ನ ಯಾರಪ್ಪ ಆರಿಸಿದ್ದು ಅಂತ ಬೈಕೋಬಾರದು, ಅಲ್ವಾ ಸಾರ್."

ಕಂಪನಿಯ ಕ್ವಾಲಿಟಿ ಬಗ್ಗೆ ಎಂಡಿಯವರು ಅಷ್ಟು ಹೊತ್ತು ಹೇಳಿದ್ದು ಈ ಒಂದು ಮಾತಿನಲ್ಲಿ ಬಂದುಬಿಟ್ಟಿತು. ವಿಡಿಯೋ ಶುರುವಾಗುವುದು ಇದರಿಂದಲೇ ಅಂತ ಅಲ್ಲೇ ತೀರ್ಮಾನ ಮಾಡಿದೆ. ಮೊದಲು ಕಪ್ಪು ಪರದೆಯ ಮೇಲೆ ಅವರ ಧ್ವನಿ, ಆಮೇಲೆ ಬೆರಳು, ಕೊನೆಗೆ ಮುಖ.

ಇನ್ನೊಂದು, ಕಾಫಿ ಕೊಳ್ಳುವ ಕಂಪನಿಗೆ ಮೂಡಿಗೆರೆ ಕಡೆಯ ಒಬ್ಬ ಬೆಳೆಗಾರರ ಬಗ್ಗೆ ಮಾಡಿದ್ದು. ಅವರ ಅರೇಬಿಕಾ ಕಾಫಿ ತೋಟಕ್ಕೆ ಬಿಳಿ ಕಾಂಡಕೊರಕ ಅನ್ನುವ ಹುಳ ಬಿದ್ದಿತ್ತು. ಈ ಹುಳ ಬಿದ್ದ ಗಿಡಕ್ಕೆ ಔಷಧಿ ಹೊಡೆದು ಉಳಿಸಿಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. ಮಾರ್ಚ್‌ನಲ್ಲಿ ಒಂದು ಸಲ, ಸೆಪ್ಟೆಂಬರ್‌ನಲ್ಲಿ ಒಂದು ಸಲ, ಕಾಂಡದೊಳಗಿನ ಹುಳ ದುಂಬಿಯಾಗಿ ಹೊರಗೆ ಹಾರುವ ಮೊದಲೇ ಸಾಲು ಸಾಲು ನೋಡಿ ಗುರುತು ಹಾಕಿ, ಕಿತ್ತು ಸುಡಬೇಕು. "ಕಷ್ಟ ಆಯ್ತಾ ಗೌಡ್ರೇ" ಅಂತ ನಾನು ಕೇಳಲಿಲ್ಲ. "ಕಿತ್ತ ಜಾಗದಲ್ಲಿ ಏನು ಹಾಕಿದ್ರಿ ಗೌಡ್ರೇ?" ಅಂತ ಕೇಳಿದೆ. "ಏನೂ ಹಾಕಿಲ್ಲ. ಅಪ್ಪ ನೆಟ್ಟಿದ್ದ ಗಿಡ ಅವು" ಅಂದು ಸುಮ್ಮನಾದರು. ಇಂಥ ಕಡೆ ಇನ್ನೊಂದು ಪ್ರಶ್ನೆ ಕೇಳಲು ಬಾಯಿ ತುರಿಸುತ್ತದೆ. ಕೇಳಬಾರದು, ಕಟ್ ಅಂತಲೂ ಹೇಳಬಾರದು. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದರು, "ರೋಬಸ್ಟಾ ಕಾಫಿ ಹಾಕು ಅಂತಾರೆ, ಅದಕ್ಕೆ ಈ ಹುಳದ ಕಾಟ ಇಲ್ಲ. ಹಾಕ್ತೀನಿ, ಮುಂದಿನ ವರ್ಷ."

ಎಡಿಟ್‌ನಲ್ಲಿ ಆ ಮೌನವನ್ನು ಪೂರ್ತಿ ಇಟ್ಟೆ. ಅದರ ಪಕ್ಕಕ್ಕೆ ಸೀಳಿದ ಕಾಂಡದ ಒಂದು ಶಾಟ್: ಒಳಗೆ ಹುಳ ಕೊರೆದ ಸುರಂಗ, ಅದರ ತುಂಬ ಒತ್ತೊತ್ತಾಗಿ ಕೂತ ಮರದ ಹುಡಿ. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು ನೂರು ವರ್ಷದ ಹಿಂದೆ ಒಬ್ಬ ನಟನ ಒಂದೇ ಮುಖದ ಜೊತೆ ಒಮ್ಮೆ ಸೂಪ್ ಬಟ್ಟಲು, ಒಮ್ಮೆ ಶವಪೆಟ್ಟಿಗೆ ಜೋಡಿಸಿ ತೋರಿಸಿದ್ದರು. ಮುಖ ಬದಲಾಗಿರಲಿಲ್ಲ, ಆದರೂ ನೋಡಿದವರು ಅದರಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ ಕಂಡರು ಅನ್ನುತ್ತಾರೆ. ನಮ್ಮ ಕೆಲಸಕ್ಕೆ ಇದು ತುಂಬಾ ಉಪಯೋಗದ ವಿಷಯ. ಗೌಡರು ಅಳಲಿಲ್ಲ, ಅಳುವುದು ಬೇಕಾಗಿಯೂ ಇರಲಿಲ್ಲ. ಆ ಕಾಂಡದ ಶಾಟ್ ನೋಡಿದವರಿಗೆ ಅವರು ಸುಮ್ಮನೆ ಕೂತಿದ್ದೇ ಸಾಕಾಯಿತು.

ಸಂಗೀತ ಕಟ್ಟಕಡೆಗೆ. ಮೊದಲ ಕಟ್ ಅನ್ನು ಸಂಗೀತ ಇಲ್ಲದೆಯೇ ಕಂಪನಿಯವರಿಗೆ ತೋರಿಸುತ್ತೇನೆ. ಅಲ್ಲಿ ತಟ್ಟದಿದ್ದರೆ ಪಿಯಾನೋ ಹಾಕಿದರೂ ತಟ್ಟಲ್ಲ. ಅದಕ್ಕಿಂತ ಜಾಗದ ಶಬ್ದ ಮುಖ್ಯ: ಮೇಜಿನ ಮೇಲೆ ಬೀಜ ಉರುಳುವ ಸದ್ದು, ಕಣದಲ್ಲಿ ಕಾಫಿ ಕೆದಕುವ ಸದ್ದು, ಇವನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಕ್ಯೂರಿಂಗ್ ಮೆಷಿನ್ ಓಡುವಾಗ ಮಾತು ಕೇಳಿಸುವುದಿಲ್ಲ, ಹಾಗಂತ ಜನರನ್ನು ಎಸಿ ರೂಮಿಗೆ ಕರೆದುಕೊಂಡು ಹೋಗಿ ಕೂರಿಸಿದರೆ ಅವರು ಅವರಾಗಿರುವುದಿಲ್ಲ. ಊಟದ ಹೊತ್ತಿಗೆ ಮೆಷಿನ್ ನಿಂತಾಗ ಅವರ ಜಾಗದಲ್ಲೇ ಕೂತು ಮಾತಾಡಿಸಿ. ಟ್ಯೂಬ್‌ಲೈಟ್ ಇದ್ದರೆ ಕ್ಯಾಮೆರಾದ ಶಟರ್ ವೇಗ 1/50 ಅಥವಾ 1/100 ಸೆಕೆಂಡಿಗೆ ಇಡಿ, ನಮ್ಮ ಕರೆಂಟ್ 50 ಹರ್ಟ್ಜ್, ಅದಕ್ಕೆ ಹೊಂದದ ವೇಗ ಇಟ್ಟರೆ ವಿಡಿಯೋದಲ್ಲಿ ಬೆಳಕು ಮಿಣುಕಬಹುದು.

ಒಪ್ಪಿಗೆ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಧಣಿ ಹೂಂ ಅಂದರೆ ಕೆಲಸದವರೂ ಹೂಂ ಅಂದಂತಲ್ಲ. ಯಾರ ಮಾತು ಬಳಸುತ್ತೇನೋ ಅವರಿಗೆ ಅವರ ಭಾಗವನ್ನು ನನ್ನ ಫೋನಿನಲ್ಲೇ ಮೊದಲು ತೋರಿಸುತ್ತೇನೆ. ಗೌಡರು ನೋಡಿ, ಅಣ್ಣತಮ್ಮಂದಿರ ಪಾಲಿನ ಬಗ್ಗೆ ಆಡಿದ್ದ ಒಂದು ಮಾತು ಬೇಡ ಅಂದರು. ತೆಗೆದೆ. ಕಂಪನಿಯವರಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಅದೇ ಮಾತು, ವಾಪಸ್ ಹಾಕಿ ಅಂತ ಕೇಳಿದರು, ನಾನು ಒಪ್ಪಲಿಲ್ಲ. ಈಗ ಕೊಟೇಶನ್ ಕಳಿಸುವಾಗಲೇ ಒಂದು ಸಾಲು ಸೇರಿಸುತ್ತೇನೆ: ಮಾತಾಡಿದವರು ಬೇಡ ಅಂದದ್ದು ವಿಡಿಯೋದಲ್ಲಿ ಇರುವುದಿಲ್ಲ.