ಎಷ್ಟು ವಾರದ ಬಸುರಿ? ಟೇಪು, ಸ್ಕ್ಯಾನಿಂಗ್ ಮತ್ತು ನನ್ನ ಅನುಭವ

"ಡಾಕ್ಟ್ರಮ್ಮ, ಮೂರು ಸ್ಕ್ಯಾನಿಂಗ್ ಮಾಡಿಸಿದ್ವಿ, ಮೂರರಲ್ಲೂ ಬೇರೆ ಬೇರೆ ಹೆರಿಗೆ ಡೇಟ್ ಬಂದಿದೆ. ಯಾವುದನ್ನ ನಂಬೋದು?" ತಾಲ್ಲೂಕು ಆಸ್ಪತ್ರೆಯ ನನ್ನ ಓಪಿಡಿಯಲ್ಲಿ ಬಸುರಿಯರಿಗಿಂತ ಜಾಸ್ತಿ ಅವರ ಅತ್ತೆಯಂದಿರು ಕೇಳುವ ಪ್ರಶ್ನೆ ಇದು. ಮೊದಲನೇದನ್ನ ನಂಬಿ ಅನ್ನುತ್ತೇನೆ. ಅದು ಮೂರು ತಿಂಗಳೊಳಗೆ ಮಾಡಿಸಿದ್ದಾಗಿರಬೇಕು, ಅಷ್ಟೇ.

ಅಷ್ಟರವರೆಗೆ ಎಲ್ಲಾ ಕೂಸುಗಳೂ ಹೆಚ್ಚುಕಮ್ಮಿ ಒಂದೇ ಥರ ಬೆಳೆಯುತ್ತವೆ. ನೆತ್ತಿಯಿಂದ ಕುಂಡಿಯವರೆಗಿನ ಉದ್ದವನ್ನು ಸಿಆರ್‌ಎಲ್ ಅನ್ನುತ್ತೇವೆ. ಅದು 45 ಮಿ.ಮೀ. ಇದ್ದರೆ 11 ವಾರ ಚಿಲ್ಲರೆ. ಹೆಚ್ಚುಕಮ್ಮಿಯಾದರೂ 5ರಿಂದ 7 ದಿನ. ಅಳೆಯುವಾಗ ನಾನು ಅವಸರ ಮಾಡುವುದಿಲ್ಲ. ಕೂಸು ಗದ್ದವನ್ನು ಎದೆಗೆ ಒತ್ತಿಕೊಂಡು ಮುದುಡಿದ್ದರೆ ಉದ್ದ ಕಡಿಮೆ ತೋರುತ್ತದೆ. ತಾಯಿಗೆ ಸ್ವಲ್ಪ ಕೆಮ್ಮಲು ಹೇಳಿ, ಅದು ನೆಟ್ಟಗಾಗುವವರೆಗೆ ಕಾದು, ಮೂರು ಸಲ ಅಳೆದು ಸರಾಸರಿ ಹಿಡಿಯುತ್ತೇನೆ.

ಮುಟ್ಟಿನ ದಿನಾಂಕ ಕೇಳದೆ ಬಿಡುವುದಿಲ್ಲ. ಆದರೆ ಕೇಳುವ ರೀತಿ ಗೊತ್ತಿರಬೇಕು. ಎಷ್ಟೋ ಜನ ತಲೆಗೆ ನೀರು ಹಾಕಿಕೊಂಡ ದಿನ ಹೇಳುತ್ತಾರೆ, ಲೆಕ್ಕಕ್ಕೆ ಬೇಕಾಗಿದ್ದು ಹೊರಗಾದ ಮೊದಲ ದಿನ. "ಯುಗಾದಿಗೆ ಮುಂಚೆಯೋ ಆಮೇಲೋ? ಅಮಾವಾಸ್ಯೆ ಕಳೆದಿತ್ತಾ?" ಅಂತ ಕೇಳಿದರೆ ನೆನಪಾಗುತ್ತದೆ. ಇನ್ನು ಕೆಲವರು ಮೊದಲ ಮಗುವಿಗೆ ಹಾಲು ಕೊಡುತ್ತಿರುವಾಗಲೇ, ಮುಟ್ಟೇ ಬಾರದೆ ಬಸುರಿಯಾಗಿರುತ್ತಾರೆ. ಅವರಿಗೆ ಈ ಲೆಕ್ಕ ಹತ್ತುವುದೇ ಇಲ್ಲ. 9ರಿಂದ 13 ವಾರದ ನಡುವಿನ ಸ್ಕ್ಯಾನಿಂಗ್‌ಗೂ ಮುಟ್ಟಿನ ಲೆಕ್ಕಕ್ಕೂ 7 ದಿನಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಸ್ಕ್ಯಾನಿಂಗ್ ಹೇಳಿದ ಹೆರಿಗೆ ಡೇಟನ್ನೇ ತಾಯಿ ಕಾರ್ಡಿನಲ್ಲಿ ಬರೆಯುತ್ತೇನೆ. ಆಮೇಲೆ ಅದನ್ನು ಬದಲಾಯಿಸುವುದಿಲ್ಲ.

ಹಾಗಾದರೆ ಹೊಟ್ಟೆ ಮುಟ್ಟಿ ನೋಡುವುದು ಯಾಕೆ? ಕೂಸು ಬೆಳೆಯುತ್ತಿದೆಯಾ ಅಂತ ತಿಳಿಯಲು. ಮೊದಲು ಮೂತ್ರ ಮಾಡಿ ಬರಲು ಹೇಳುತ್ತೇನೆ. ಎಡಗೈಯ ಅಂಚನ್ನು ಎದೆಗೂಡಿನ ಕೆಳಗಿನಿಂದ ಮೆಲ್ಲಗೆ ಇಳಿಸುತ್ತಾ ಗರ್ಭಕೋಶದ ಮೇಲ್ತುದಿ ಹುಡುಕುತ್ತೇನೆ. ಟೇಪಿನ ಅಂಕಿ ಕಾಣದ ಮಗ್ಗುಲನ್ನು ಮೇಲೆ ಮಾಡಿ, ಆ ತುದಿಯಿಂದ ಕಿಬ್ಬೊಟ್ಟೆಯ ಕೆಳಗಿನ ಮೂಳೆಯವರೆಗೆ ಅಳೆದು, ಆಮೇಲೆ ತಿರುಗಿಸಿ ಓದುತ್ತೇನೆ. ಅಂಕಿ ಕಂಡರೆ ಕೈ ತಾನಾಗಿಯೇ ನಮಗೆ ಬೇಕಾದ ಕಡೆ ಜರುಗುತ್ತದೆ. 24 ವಾರದ ಮೇಲೆ ಸೆಂ.ಮೀ. ಎಷ್ಟೋ ಸುಮಾರು ಅಷ್ಟೇ ವಾರ. ಅವಳಿ, ನೀರು ಜಾಸ್ತಿ, ಗಡ್ಡೆ, ದಪ್ಪ ಹೊಟ್ಟೆ ಇದ್ದರೆ ಈ ಲೆಕ್ಕ ನಡೆಯದು.

ಒಮ್ಮೆ ಎಂಟು ತಿಂಗಳ ಬಸುರಿಯೊಬ್ಬರು ಬಂದರು. ಟೇಪು 28 ಸೆಂ.ಮೀ. ತೋರಿಸಿತು. ಹೊರಗಡೆ ಮಾಡಿಸಿದ್ದ ಹೊಸ ಸ್ಕ್ಯಾನಿಂಗ್‌ನಲ್ಲಿ 29 ವಾರ ಅಂತಿತ್ತು, ಹೆರಿಗೆ ಡೇಟ್ ಮೂರು ವಾರ ಮುಂದಕ್ಕೆ ಹೋಗಿತ್ತು. "ಇನ್ನೂ ಟೈಮಿದೆ" ಅಂತ ಮನೆಯವರು ನಿರಾಳವಾಗಿದ್ದರು. ಚೀಲದ ತಳದಿಂದ ಹಳೇ ಸ್ಕ್ಯಾನಿಂಗ್ ತೆಗೆಸಿದೆ. ಅದರ ಪ್ರಕಾರ ಆವತ್ತಿಗೆ 32 ವಾರ. ಡೇಟ್ ಸರಿಯಾಗೇ ಇತ್ತು, ಕೂಸು ಬೆಳೆದಿರಲಿಲ್ಲ. ಬಿಪಿಯೂ ಏರಿತ್ತು. ಕೂಸಿನ ಶ್ವಾಸಕೋಶ ಬಲಿಯುವ ಇಂಜೆಕ್ಷನ್‌ನ ಮೊದಲ ಡೋಸ್ ಕೊಟ್ಟು, ಕೂಸಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತ ತೋರಿಸುವ ಡಾಪ್ಲರ್ ಸ್ಕ್ಯಾನಿಂಗ್ ನೋಡಲೆಂದು ಅವತ್ತೇ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆವು. ತಡವಾಗಿ ಮಾಡಿದ ಸ್ಕ್ಯಾನಿಂಗ್ ಕೂಸಿನ ಗಾತ್ರ ಹೇಳುತ್ತದೆ, ಆ ಗಾತ್ರಕ್ಕೆ ಮೆಷಿನ್ ಒಂದು ವಾರ ಹೊಂದಿಸುತ್ತದೆ. ಸಣ್ಣ ಕೂಸಾದರೆ ಚಿಕ್ಕ ವಯಸ್ಸು ತೋರಿಸುತ್ತದೆ, ಅಲ್ವಾ?

ಏಳನೇ ತಿಂಗಳಲ್ಲಿ ಮೊದಲ ಸಲ ಬರುವವರದ್ದೇ ಕಷ್ಟ. 28 ವಾರದ ಮೇಲೆ ಸ್ಕ್ಯಾನಿಂಗ್‌ ಕೂಡ ಮೂರು ವಾರ ಆಚೀಚೆ ಆಗಬಹುದು. ಕೂಸು ಮೊದಲು ಯಾವಾಗ ಮಿಸುಕಾಡಿತು ಕೇಳುತ್ತೇನೆ. ಚೊಚ್ಚಲಾದರೆ ಸಾಮಾನ್ಯವಾಗಿ 18ರಿಂದ 20 ವಾರ, ಮುಂಚೆ ಹೆತ್ತವರಿಗೆ ಅದಕ್ಕಿಂತ ಬೇಗ. ಹಿಂಮೆದುಳಿನ ಅಗಲವನ್ನೂ ಅಳೆಯುತ್ತೇನೆ, ಕೂಸು ಸೊರಗಿದರೂ ಅದು ಅಷ್ಟಾಗಿ ಕಡಿಮೆಯಾಗುವುದಿಲ್ಲ. ಎರಡು ಮೂರು ವಾರ ಬಿಟ್ಟು ಮತ್ತೆ ಸ್ಕ್ಯಾನಿಂಗ್ ಮಾಡಿ ಎಷ್ಟು ಬೆಳೆದಿದೆ ನೋಡುತ್ತೇನೆ. ಕಾರ್ಡಿನಲ್ಲಿ ಡೇಟಿನ ಪಕ್ಕ "ಅಂದಾಜು" ಅಂತ ದೊಡ್ಡದಾಗಿ ಬರೆಯುತ್ತೇನೆ. ದಿನ ತುಂಬಿತು ಅಂತ ಯಾರೋ ಸುಮ್ನೆ ಹೆರಿಗೆ ನೋವು ಬರಿಸುವ ಡ್ರಿಪ್ ಹಾಕಿಬಿಡಬಾರದು.